ಯಾವ ಸ್ವೆಟರ್ ನಿಜಕ್ಕೂ ಬಳಕೆಯಲ್ಲಿದೆ ಎಂದು ತಿಳಿಯಲು

ದೀಪಾವಳಿಯ ಹೊತ್ತಿಗೆ ಸ್ವೆಟರ್, ಶಾಲು, ಮಫ್ಲರ್‌ಗಳನ್ನೆಲ್ಲ ಮಡಚಿ, ಕಪಾಟಿನಲ್ಲಿ ಪುಸ್ತಕಗಳಂತೆ ಸಾಲಾಗಿ ನಿಲ್ಲಿಸಿ. ಹಾಕಿಕೊಂಡದ್ದನ್ನು ಪ್ರತಿ ಸಲವೂ ಬಲತುದಿಗೇ ಮರಳಿ ಇಡಿ. ಚಳಿ ‘ಶಿವ ಶಿವಾ’ ಎನ್ನುತ್ತಾ ಹೊರಡುವ ಶಿವರಾತ್ರಿಯ ವೇಳೆಗೆ ಎಡತುದಿಯಲ್ಲಿ ಉಳಿದವು ಈ ವರ್ಷ ಮೈಗೆ ಏರದ ಬಟ್ಟೆಗಳು. ನೆನಪು ಇಷ್ಟದ ಬಟ್ಟೆಯನ್ನೇ ಹೆಚ್ಚು ಧರಿಸಿದಂತೆ ತೋರಿಸುತ್ತದೆ. ಸಾಲು ಹಾಗೆ ಮಾಡುವುದಿಲ್ಲ. ಒಂದರ ಮೇಲೊಂದು ಪೇರಿಸಿದರೆ ಮೇಲಿನದೇ ಕೈಗೆ ಬರುತ್ತಿರುತ್ತದೆ, ಲೆಕ್ಕ ತಪ್ಪುತ್ತದೆ. ಹ್ಯಾಂಗರ್ ಅಂತೂ ಬೇಡ, ಹೆಣೆದ ಉಣ್ಣೆ ಭುಜದ ಬಳಿ ಜೋತು ಬೀಳುತ್ತದೆ. ಬಲತುದಿಯ ನಾಲ್ಕಾರು ಬಟ್ಟೆಗಳ ಮೊಣಕೈ, ತೋಳಿನ ಅಂಚು, ಕಂಕುಳ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ನೂಲು ತೆಳುವಾಗಿದ್ದರೆ ತೂತಾಗುವ ಮೊದಲೇ ಹೊಲಿಯಿರಿ. ಒಗೆದು ಚೆನ್ನಾಗಿ ಒಣಗಿಸಿಯೇ ಎತ್ತಿಡಿ, ಬೆವರಿನ ಕಲೆಯಿರುವ ಉಣ್ಣೆಗೆ ನುಸಿ ಬೇಗ ಹತ್ತುತ್ತದೆ. ಬಾಗಿಲ ಮೊಳೆಗೋ ಸ್ಕೂಟರ್ ಡಿಕ್ಕಿಗೋ ಸೇರುವ ಮಂಕಿ ಕ್ಯಾಪ್, ಕೈಗವಸುಗಳಿಗೆ ಈ ಉಪಾಯ ನಡೆಯದು. ಮನೆಮಂದಿಯೆಲ್ಲ ಒಂದೇ ಕಪಾಟು ಬಳಸಿದರೂ ಅಷ್ಟೇ. ಉತ್ತರ ಭಾರತದ ಪ್ರವಾಸಕ್ಕೆಂದು ಕೊಂಡ ದಪ್ಪ ಜಾಕೆಟ್ ಎಡದಲ್ಲೇ ಉಳಿದಿದೆ ಎಂದು ದಯವಿಟ್ಟು ಕೊಟ್ಟುಬಿಡಬೇಡಿ. ಅದನ್ನು ಸಾಲಿನಿಂದ ಹೊರಗಿಡುವುದೇ ಸರಿ.