ಚಾಟ್‌ನಲ್ಲಿ ಯಾವ ಮಾತು ಮೊದಲು? ಲಗ್ನಪತ್ರಿಕೆ ಹಿಂದೆ ಬರೆದು ನೋಡಿ

ಮ್ಯಾಟ್ರಿಕ್ಸ್ ಎಂಬ ಚಾಟ್ ವ್ಯವಸ್ಥೆ 2014ರಿಂದ ಇದೆ. ಅದರಲ್ಲಿ ಎಲ್ಲರ ಮೇಲೊಬ್ಬ ಯಜಮಾನ ಸರ್ವರ್ ಇಲ್ಲ. ರೂಮಿನ ಸದಸ್ಯರು ಮೂರು ಸರ್ವರ್‌ಗಳಿಗೆ ಸೇರಿದ್ದರೆ ಮೂರರಲ್ಲೂ ಆ ರೂಮಿನ ಪ್ರತಿ ಇರುತ್ತದೆ. ಹಾಗಾದರೆ ಯಾವ ಮಾತು ಮೊದಲು ಅಂತ ಹೇಳುವವರು ಯಾರು?

"ಟೈಮ್ ನೋಡಿ ಜೋಡಿಸಿದರಾಯ್ತು" ಅನ್ನುತ್ತಾರೆ ಹೊಸಬರು. ನಾನೂ ಹಾಗೇ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಒಂದು ಲ್ಯಾಪ್‌ಟಾಪಿನ ಗಡಿಯಾರ ಏಳು ನಿಮಿಷ ಹಿಂದಿತ್ತು. "ಊಟ ಆಯ್ತಾ?" ಅಂತ ಕೇಳುವ ಮೊದಲೇ "ಆಯ್ತು" ಬಂದು ಕೂತಿತ್ತು!

ಕಂಪ್ಯೂಟರ್ ಮುಚ್ಚಿಡಿ. ಹಳೇ ಲಗ್ನಪತ್ರಿಕೆಗಳ ಖಾಲಿ ಬದಿ ಸಾಕು. ಮನೆಯ ಮೂವರನ್ನು ಹಾಲ್, ಅಡುಗೆಮನೆ, ಮಹಡಿಯಲ್ಲಿ ಕೂರಿಸಿ. ಅವರೇ ಮೂರು ಸರ್ವರ್.

ಹಂತ 1: ಮೊದಲ ಕಾರ್ಡಿನಲ್ಲಿ "ರೂಮ್ ಶುರು" ಅಂತ ಬರೆಯಿರಿ. ಇದಕ್ಕೆ ಮಾತ್ರ ಹಿಂದಿನ ಕಾರ್ಡ್ ಇರುವುದಿಲ್ಲ.

ಹಂತ 2: ಮುಂದಿನ ಪ್ರತಿ ಕಾರ್ಡಿನಲ್ಲೂ ಬರೆದವರ ಹೆಸರು, ಒಕ್ಕಣೆ, ಜೊತೆಗೆ "ಇದನ್ನು ಬರೆಯುವಾಗ ನಾನು ಕೊನೆಗೆ ನೋಡಿದ್ದ ಕಾರ್ಡ್ ಇದು" ಅಂತ ಅದರ ಐಡಿ, ಅಂದರೆ ಕಾರ್ಡಿನ ಗುರುತು. ಈ ಐಡಿಯೇ ಹಿಂದಿನ ಕಾರ್ಡಿನ ಕಡೆಗೆ ಹಾಕಿದ ಬಾಣ. ಬಾಣ ಯಾವಾಗಲೂ ಹಿಂದಕ್ಕೇ ಇರಲಿ. ಮುಂದಕ್ಕೆ ಬಾಣ ಹಾಕಿದ ಚಿತ್ರಗಳು ಬೇಕಾದಷ್ಟು ಸಿಗುತ್ತವೆ, ನಂಬಬೇಡಿ. ಕಾರ್ಡಿಗೆ ತನ್ನ ಹಿಂದಿನದು ಗೊತ್ತು, ಮುಂದೆ ಬರುವುದು ಹೇಗೆ ಗೊತ್ತಾಗಬೇಕು?

ಹಂತ 3: ಎಲ್ಲರೂ ಎಡವುವುದು ಇಲ್ಲೇ. ಹಾಲ್ ಮತ್ತು ಅಡುಗೆಮನೆ ನಡುವಿನ ಬಾಗಿಲು ಹಾಕಿಬಿಡಿ, ನೆಟ್‌ವರ್ಕ್ ಹೋಯಿತು ಅಂದುಕೊಳ್ಳಿ. ಇಬ್ಬರ ಬಳಿಯೂ ಇರುವ ಕೊನೆಯ ಕಾರ್ಡ್ 4. ಹಾಲ್‌ನವರು 4ರ ಮೇಲೆ 5-ಹ ಬರೆದರು. ಅಡುಗೆಮನೆಯವರೂ 4ರ ಮೇಲೆಯೇ 5-ಅ ಬರೆದರು. ಈಗ ಬಾಗಿಲು ತೆರೆಯಿರಿ. ಕಾರ್ಡುಗಳು ಅದಲುಬದಲಾದವು. ಕೊನೆಯ ಕಾರ್ಡ್ ಯಾವುದು? ಎರಡೂ! ಹಾಗಾಗಿ ಮುಂದೆ ಬರೆಯುವ 6ನೇ ಕಾರ್ಡ್ 5-ಹ, 5-ಅ ಎರಡಕ್ಕೂ ಬಾಣ ಹಾಕಬೇಕು. ಸೀಳಿದ ದಾರಿ ಅಲ್ಲಿ ಮತ್ತೆ ಕೂಡುತ್ತದೆ.

"ಕೊನೆಯ ಮೆಸೇಜ್" ಅಂತ ಒಂದೇ ಐಡಿ ನೆನಪಿಟ್ಟುಕೊಳ್ಳುವ ಕೋಡ್ ಇಲ್ಲಿ ಒಂದು ಕವಲನ್ನು ಸುಮ್ನೆ ಮರೆತುಬಿಡುತ್ತದೆ. ತುದಿಗಳ, ಅಂದರೆ ಇನ್ನೂ ಯಾರೂ ಬಾಣ ಹಾಕದ ಕಾರ್ಡುಗಳ, ಪಟ್ಟಿಯನ್ನೇ ಇಟ್ಟುಕೊಳ್ಳಿ. ಹೊಸ ಕಾರ್ಡ್ ಬಂದಾಗ, ಅದಕ್ಕೆ ಆಗಲೇ ಯಾರೂ ಬಾಣ ಹಾಕಿರದಿದ್ದರೆ, ಅದನ್ನು ಪಟ್ಟಿಗೆ ಸೇರಿಸಿ, ಅದು ಬಾಣ ಹಾಕಿದವುಗಳನ್ನು ತೆಗೆಯಿರಿ. ಮ್ಯಾಟ್ರಿಕ್ಸ್‌ನಲ್ಲಿ ಕಾರ್ಡಿಗೆ ಈವೆಂಟ್ ಅನ್ನುತ್ತಾರೆ. ಒಂದು ಈವೆಂಟ್ ಹೆಚ್ಚೆಂದರೆ 20 ತುದಿಗಳಿಗೆ ಬಾಣ ಹಾಕಬಹುದು.

ಮಹಡಿಯವರಿಗೆ 6 ತಲುಪಿತು, 5-ಅ ಬಂದೇ ಇಲ್ಲ ಅಂದುಕೊಳ್ಳಿ. ಬಾಣ ಇದೆ, ಕಾರ್ಡ್ ಇಲ್ಲ. ಅಂದರೆ ಏನೋ ತಪ್ಪಿಹೋಗಿದೆ ಅಂತ ಗ್ರಾಫೇ (ಕಾರ್ಡು, ಬಾಣಗಳ ಈ ಜಾಲವೇ) ಹೇಳುತ್ತಿದೆ. ಕೆಳಗಿನವರನ್ನು ಕೇಳಿ ತರಿಸಿಕೊಳ್ಳಿ. ಗಡಿಯಾರ ನಂಬಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

ಹಂತ 4: ತೋರಿಸುವಾಗ ಹಿಂದಿನ ಕಾರ್ಡ್ ಮೊದಲು ಬರಬೇಕು, ಅಷ್ಟೇ. 5-ಹ ಮೇಲೋ 5-ಅ ಮೇಲೋ ಅಂತ ಜಗಳ ಬೇಡ. ಅಲ್ಲಿ ಬೇಕಾದರೆ ಟೈಮ್ ನೋಡಿ. ಪ್ರತಿ ಈವೆಂಟ್‌ನಲ್ಲೂ ಡೆಪ್ತ್ ಅಂತ, ಶುರುವಿನಿಂದ ಎಷ್ಟನೇ ಮೆಟ್ಟಿಲು ಎಂದು ಹೇಳುವ, ಒಂದು ಸಂಖ್ಯೆ ಇರುತ್ತದೆ. ಅದನ್ನೇ ನೋಡಿ ಜೋಡಿಸುವ ಅಡ್ಡದಾರಿ ಹಿಡಿಯಬೇಡಿ, ಕಿಡಿಗೇಡಿ ಸರ್ವರ್ ಅಲ್ಲಿ ಏನು ಬೇಕಾದರೂ ಬರೆಯಬಹುದು.

ಹಂತ 5: ಒಂದು ಕವಲಿನಲ್ಲಿ ಅಡ್ಮಿನ್ ಒಬ್ಬನನ್ನು ಬ್ಯಾನ್ ಮಾಡಿದ್ದಾರೆ, ಇನ್ನೊಂದರಲ್ಲಿ ಅದೇ ಮನುಷ್ಯ ರೂಮಿನ ಹೆಸರು ಬದಲಿಸಿದ್ದಾನೆ. ಕವಲು ಕೂಡಿದಾಗ ಅಧಿಕಾರಕ್ಕೆ ಸಂಬಂಧಿಸಿದ ಈವೆಂಟ್‌ಗಳನ್ನು ಮೊದಲು ಪರೀಕ್ಷಿಸುತ್ತಾರೆ. ಬ್ಯಾನ್ ನಿಲ್ಲುತ್ತದೆ, ಹೆಸರು ಬೀಳುತ್ತದೆ. ಈ ಲೆಕ್ಕದ ಮೊದಲ ಆವೃತ್ತಿಯಲ್ಲಿ ಕೆಲವೊಮ್ಮೆ ರೂಮ್ ಹಳೇ ಸ್ಥಿತಿಗೆ ವಾಪಸ್ ಹೋಗಿಬಿಡುತ್ತಿತ್ತು. ಇದನ್ನು ನೀವೇ ಬರೆಯಲು ಹೋಗಬೇಡಿ, ಸಿದ್ಧ ಲೈಬ್ರರಿ ಬಳಸಿ.

ಹಂತ 6: ಮೆಸೇಜ್ ಅಳಿಸಬೇಕಾ? ಒಕ್ಕಣೆಯನ್ನು ಮಾತ್ರ ಕತ್ತರಿಸಿ, ಬಾಣಗಳಿರುವ ಕಾರ್ಡನ್ನು ಎಸೆಯಬೇಡಿ. ಒಕ್ಕಣೆಯ ಹ್ಯಾಶ್, ಅಂದರೆ ಅದರಿಂದ ಲೆಕ್ಕಹಾಕಿ ತೆಗೆದ ಪುಟ್ಟ ಬೆರಳಚ್ಚು, ಕಾರ್ಡಿನಲ್ಲೇ ಉಳಿಯುತ್ತದೆ. ಈಗಿನ ರೂಮ್‌ಗಳಲ್ಲಿ ಈವೆಂಟ್ ಐಡಿಯ ಲೆಕ್ಕಕ್ಕೆ ಬೇಕಿರುವುದು ಒಕ್ಕಣೆಯಲ್ಲ, ಆ ಹ್ಯಾಶ್. ಆದ್ದರಿಂದ ಮಾತು ಹೋದರೂ ಐಡಿ ಬದಲಾಗುವುದಿಲ್ಲ, 6ನೇ ಕಾರ್ಡಿನ ಬಾಣ ತೂತು ಬಿದ್ದ 5-ಅಗೇ ಸರಿಯಾಗಿ ಬಂದು ನಿಲ್ಲುತ್ತದೆ.