ಇಯರ್‌ಫೋನಿನಲ್ಲಿ ಟರ್ರ್ ಸದ್ದು ಬರುತ್ತಿದೆಯೇ? ಮೂಲ ಹುಡುಕುವುದು ಹೀಗೆ

ಹಾಡು ನಿಲ್ಲಿಸಿದ್ದೀರಿ, ಆದರೂ ಕಿವಿಯಲ್ಲಿ ‘ಟರ್ರ್ ಟರ್ರ್’ ಅನ್ನುತ್ತಿದೆ. ಕೆಲವರಿಗೆ ಯಾವುದೋ ರೇಡಿಯೊ ಸ್ಟೇಷನ್ನಿನ ಮಾತೂ ಸಣ್ಣಗೆ ಕೇಳುತ್ತದೆ. ಸುಮ್ನೆ ಹೊಸ ಇಯರ್‌ಫೋನ್ ಕೊಳ್ಳಬೇಡಿ. ಎಷ್ಟೋ ಸಲ ಅದು ಕೆಟ್ಟಿರುವುದೇ ಇಲ್ಲ, ಅದರ ವೈರು ಆಂಟೆನಾ ಆಗಿರುತ್ತದೆ ಅಷ್ಟೆ.

ಫೋನಿನಲ್ಲಿ ಎಫ್‌ಎಂ ಹಾಕಿದರೆ ಮೊದಲು ಇಯರ್‌ಫೋನ್ ಸಿಕ್ಕಿಸಲು ಹೇಳುತ್ತದೆ, ಅಲ್ವಾ? ಅದು ಇದೇ ಕಾರಣಕ್ಕೆ. ನಮ್ಮ ಎಫ್‌ಎಂ ಸ್ಟೇಷನ್‌ಗಳು 88ರಿಂದ 108 ಮೆಗಾಹರ್ಟ್ಸ್ ಒಳಗಿವೆ. ಆ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗದಷ್ಟು ವೈರಿದ್ದರೂ ಚೆನ್ನಾಗಿ ಹಿಡಿಯುತ್ತದೆ. ಇಯರ್‌ಫೋನ್ ವೈರು ಸಾಮಾನ್ಯವಾಗಿ ಒಂದು ಮೀಟರಿಗಿಂತ ಜಾಸ್ತಿಯೇ ಇರುತ್ತದೆ. ಆದರೆ ಬೇಕಾದ ಅಲೆ ಯಾವುದು, ಬೇಡದ್ದು ಯಾವುದು ಅಂತ ವೈರಿಗೆ ಗೊತ್ತಾಗುವುದಿಲ್ಲ. ಸಿಕ್ಕಿದ್ದನ್ನೆಲ್ಲ ಒಳಗೆ ಬಿಡುತ್ತದೆ. ರೇಡಿಯೊ ಅಲೆ ನೇರವಾಗಿ ಕಿವಿಗೆ ಕೇಳುವಂಥದ್ದಲ್ಲ. ಫೋನಿನೊಳಗಿನ ಆಂಪ್ಲಿಫೈಯರ್ ಚಿಪ್ಪು ಆ ಅಲೆಯ ಏರಿಳಿತವನ್ನಷ್ಟೇ ಉಳಿಸಿಕೊಂಡಾಗ ಸದ್ದು ಹುಟ್ಟುತ್ತದೆ.

ಮೊದಲು ಚಾರ್ಜರ್ ತೆಗೆಯಿರಿ. ಸದ್ದು ನಿಂತರೆ ತಪ್ಪು ವೈರಿನದಲ್ಲ, ಚಾರ್ಜರಿನದು. ಬೇರೆ ಒಳ್ಳೆಯ ಚಾರ್ಜರ್ ಹಾಕಿ ನೋಡಿ. ಅಗ್ಗದ ಚಾರ್ಜರ್ ಸಿಕ್ಕಿಸಿಕೊಂಡೇ ಹಾಡು ಕೇಳುವುದು ಹೇಗೂ ಅಪಾಯ.

ಸದ್ದು ಇನ್ನೂ ಇದೆಯೇ? ಏರೋಪ್ಲೇನ್ ಮೋಡ್ ಹಾಕಿ. ಈಗ ನಿಂತರೆ ಗಲಾಟೆ ನಿಮ್ಮ ಫೋನಿನದೇ, ಅದರಲ್ಲೂ ಹೆಚ್ಚಾಗಿ 2ಜಿಯದು. 2ಜಿ ಫೋನು ಒಂದೇ ಸಮನೆ ಅಲೆ ಕಳಿಸುವುದಿಲ್ಲ. ಮಾತಾಡುವಾಗ ಸೆಕೆಂಡಿಗೆ ಸುಮಾರು 217 ಸಲ ತುಂಡು ತುಂಡಾಗಿ ಕಳಿಸುತ್ತದೆ. ಆ ಟರ್ರ್ ಸದ್ದು ಇದೇ. ಟವರ್ ದೂರವಿದ್ದಷ್ಟೂ ಫೋನು ಜಾಸ್ತಿ ಶಕ್ತಿ ಹಾಕುತ್ತದೆ, 900 ಮೆಗಾಹರ್ಟ್ಸ್‌ನಲ್ಲಿ 2 ವ್ಯಾಟ್‌ವರೆಗೂ. ಹಾಗಾಗಿ ಸಿಗ್ನಲ್ ಕಡ್ಡಿ ಕಡಿಮೆಯಾದಾಗ ಸದ್ದು ಜೋರು. ಸೆಟ್ಟಿಂಗ್ಸ್‌ಗೆ ಹೋಗಿ 4ಜಿ ಅಥವಾ 5ಜಿ ಆರಿಸಿ, ವೋಲ್ಟ್‌ಇ (4ಜಿಯಲ್ಲೇ ಕರೆ ಮಾಡುವ ಸೌಲಭ್ಯ) ಆನ್ ಮಾಡಿ. 2ಜಿ ಮಾತ್ರ ಸಿಗುವ ಊರಿನಲ್ಲಿ ಮಾತ್ರ ಇದನ್ನು ಮಾಡಬೇಡಿ, ಕರೆಗಳೇ ಬರುವುದಿಲ್ಲ.

ಏರೋಪ್ಲೇನ್ ಮೋಡ್‌ನಲ್ಲೂ ಸದ್ದು ಬಂದರೆ ಅದು ಹೆಚ್ಚಾಗಿ ಹೊರಗಿನದು. ಪಕ್ಕದಲ್ಲಿ ಬೇರೆ ಫೋನ್ ಇದ್ದರೆ ದೂರ ಇಡಿ. ಆಮೇಲೆ ವೈರನ್ನು ಅಲ್ಲಾಡಿಸಿ, ಮುದುರಿ, ದಿಕ್ಕು ಬದಲಿಸಿ. ಸದ್ದು ಏರಿಳಿದರೆ ಆಂಟೆನಾ ಕೆಲಸ ಅಂತ ಅನುಮಾನಿಸಬಹುದು. ಬರೀ ಕರಕರ ಅಂದರೆ ಮಾತ್ರ ಜ್ಯಾಕ್‌ನಲ್ಲಿ ಧೂಳು ಕೂತಿರಬಹುದು, ಇಲ್ಲವೇ ಪಿನ್ ಸಡಿಲವಾಗಿರಬಹುದು.

ಆ್ಯಪ್ ತೆರೆಯದೆಯೂ ಸ್ಟೇಷನ್ನಿನ ಮಾತು ಅರ್ಥವಾಗುವಂತೆ ಕೇಳಿದರೆ ಅದು ಸಾಮಾನ್ಯವಾಗಿ ಎಎಂ, ಅಂದರೆ ಹಳೆಯ ಮೀಡಿಯಂ ವೇವ್ ರೇಡಿಯೊ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್, ಧಾರವಾಡದ 765 ಈ ಜಾತಿಯವು. ಎಎಂನಲ್ಲಿ ಮಾತು ಇರುವುದು ಅಲೆಯ ಏರಿಳಿತದಲ್ಲೇ. ಎಫ್‌ಎಂನಲ್ಲಿ ಹಾಗಿಲ್ಲ, ಆದ್ದರಿಂದ ಅದು ಹೀಗೆ ಸುಲಭವಾಗಿ ನುಸುಳುವುದಿಲ್ಲ.

ಹೊರಗಿನ ಸದ್ದಿಗೆ ಮದ್ದು ಫೆರೈಟ್ ಕ್ಲಿಪ್. ಕೆಲವು ಲ್ಯಾಪ್‌ಟಾಪ್ ಚಾರ್ಜರ್ ವೈರಿನ ತುದಿಯಲ್ಲಿ ದಪ್ಪ ಕಪ್ಪು ಉಂಡೆ ಇರುತ್ತದಲ್ಲ, ಅದೇ. ಬೆಂಗಳೂರಿನವರು ಎಸ್‌ಪಿ ರಸ್ತೆಯಲ್ಲಿ ವಿಚಾರಿಸಿ. ಫೋನಿನ ಪಿನ್ ಹತ್ತಿರವೇ ಹಾಕಿ. ತೂತು ದೊಡ್ಡದಿದ್ದರೆ ವೈರನ್ನು ಮೂರು ಸಲ ಒಳಗಿಂದ ಸುತ್ತಿ. ಒಂದು ಸುತ್ತಿಗಿಂತ ಸುಮಾರು ಒಂಬತ್ತು ಪಟ್ಟು ಜಾಸ್ತಿ ತಡೆಯುತ್ತದೆ. ಎಎಂನ ಉದ್ದನೆಯ ಅಲೆಗೆ ಇದು ಅಷ್ಟಾಗಿ ನಾಟುವುದಿಲ್ಲ. ಇನ್ನೊಂದು ಮಾತು, ಇದಾದ ಮೇಲೆ ಫೋನಿನಲ್ಲಿ ಎಫ್‌ಎಂ ಮಂಕಾಗಬಹುದು. ಆಂಟೆನಾವನ್ನೇ ಕಟ್ಟಿಹಾಕಿದ್ದೀರಲ್ಲ!

ಮೈಕ್ ಇರುವ ಇಯರ್‌ಫೋನಿನಲ್ಲಿ ಇನ್ನೂ ಒಂದು ತೊಂದರೆಯಿದೆ, ಅದರ ವೈರಿನ ಮೂಲಕ ಬೇರೆಯವರು ನಿಮ್ಮ ಫೋನಿಗೆ ಆಜ್ಞೆ ಕೊಡಬಹುದು. ಫ್ರಾನ್ಸಿನ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಎಎನ್‌ಎಸ್‌ಎಸ್‌ಐನ ಸಂಶೋಧಕರು 2015ರಲ್ಲಿ ಇದನ್ನು ತೋರಿಸಿದರು. ಅವರು ಕಳಿಸಿದ ರೇಡಿಯೊ ಅಲೆಯನ್ನು ವೈರು ಹಿಡಿದುಕೊಂಡಿತು. ಫೋನು ಅದನ್ನು ಮೈಕಿನಿಂದ ಬಂದ ಮಾತೆಂದೇ ತಿಳಿಯಿತು. ಮಾತಿನಲ್ಲಿ ಹೇಳಿದ ಕೆಲಸ ಮಾಡುವ ವಾಯ್ಸ್ ಅಸಿಸ್ಟೆಂಟ್‌ಗಳಾದ ಸಿರಿ, ಗೂಗಲ್ ನೌ ಎರಡೂ ಹೇಳಿದಂತೆ ಕೇಳಿದವು. ಬ್ಯಾಗಿನಲ್ಲಿ ಹಿಡಿಸುವಂಥ ಸಲಕರಣೆ ಸುಮಾರು 2 ಮೀಟರ್ ದೂರದಿಂದ ಕೆಲಸ ಮಾಡೀತು ಅನ್ನುವುದು ಅವರ ಲೆಕ್ಕ. ಬೀದಿ ಕಳ್ಳರ ಕೈಗೆ ಸಿಗುವ ವಿದ್ಯೆಯೇನಲ್ಲ, ಹೆದರಬೇಕಾಗಿಲ್ಲ. ಆದರೂ ಲಾಕ್ ಸ್ಕ್ರೀನ್ ಮೇಲೆ ವಾಯ್ಸ್ ಅಸಿಸ್ಟೆಂಟ್ ಎದ್ದೇಳದಂತೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ಕೇಳಿ ಮುಗಿದ ಮೇಲೆ ಇಯರ್‌ಫೋನನ್ನು ಕಿತ್ತು ಬೇರೆ ಜೇಬಿಗೆ ಹಾಕಿಕೊಳ್ಳಿ.