ಎರಡು ದಿನದ ಬ್ರೆಡ್ಡು, ಬೆಳಗಿನ ಸಿಹಿ ಕಡ್ಡಿ

ಬೇಕರಿಯಿಂದ ತಂದ ಒಂದು ಪೌಂಡ್ ಬ್ರೆಡ್ಡು ಮೊದಲ ದಿನ ಬೆಣ್ಣೆ-ಜಾಮಿನೊಂದಿಗೆ, ಮರುದಿನ ಒಗ್ಗರಣೆ ಹಾಕಿದ ಉಪ್ಪಿಟ್ಟಾಗಿ ಖರ್ಚಾಗುತ್ತದೆ. ಮೂರನೆಯ ಬೆಳಿಗ್ಗೆ ಪೊಟ್ಟಣದ ತಳದಲ್ಲಿ ಬಿರುಸಾದ ಅರ್ಧ ಪೌಂಡು ಯಾರಿಗೂ ಬೇಡವಾಗಿ ಉಳಿದಿರುತ್ತದೆ. ಅದನ್ನು ಬೆರಳುದ್ದದ ಕಡ್ಡಿಗಳಾಗಿ ಕತ್ತರಿಸಿ, ಹಾಲು-ಮೊಟ್ಟೆಯಲ್ಲಿ ಅದ್ದಿ, ತುಪ್ಪದಲ್ಲಿ ಬೇಯಿಸಿ, ಏಲಕ್ಕಿ ಸಕ್ಕರೆಯಲ್ಲಿ ಹೊರಳಿಸಿ, ಕೈಯಲ್ಲಿ ಹಿಡಿದು ತಿನ್ನುವಂತೆ ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಇಡೀ ಹೋಳಿನಲ್ಲಿ ಮಾಡಿದರೆ ಇದನ್ನೇ ನಮ್ಮಲ್ಲಿ ಬಾಂಬೆ ಟೋಸ್ಟ್ ಎಂದೂ ಫ್ರೆಂಚ್ ಟೋಸ್ಟ್ ಎಂದೂ ಕರೆಯುತ್ತಾರೆ. ಕಡ್ಡಿಯ ಆಕಾರ ಬಂದಾಗ ತಿನಿಸಿನ ಸ್ವಭಾವವೇ ಸ್ವಲ್ಪ ಬದಲಾಗುತ್ತದೆ: ಗರಿಗರಿಯಾಗುವ ಮೈ ಹೆಚ್ಚುತ್ತದೆ, ತಟ್ಟೆ-ಚಮಚದ ಗೊಡವೆ ತಪ್ಪುತ್ತದೆ, ಶಾಲೆಯ ಆಟೋ ಬರುವ ಹೊತ್ತಿಗೂ ತಿಂದು ಮುಗಿಯದ ಮಗುವಿನ ಕೈಗೆ ಕೊನೆಯ ಕಡ್ಡಿಯನ್ನು ಕೊಟ್ಟು ಕಳುಹಿಸಲೂ ಬರುತ್ತದೆ.

ಹಳೆಯ ಬ್ರೆಡ್ಡು ಬೇರೆ, ಹಳಸಿದ ಬ್ರೆಡ್ಡು ಬೇರೆ. ಹಸಿರು, ಕಪ್ಪು ಅಥವಾ ಬಿಳಿಯ ಬೂಷ್ಟು ಒಂದೇ ಒಂದು ಚುಕ್ಕೆಯಷ್ಟು ಕಂಡರೂ, ಹುಳಿ ವಾಸನೆ ಬಂದರೂ, ಮುರಿದಾಗ ಒಳಗೆ ಅಂಟಂಟಾದ ಎಳೆ ಎದ್ದರೂ ಆ ಬ್ರೆಡ್ಡನ್ನು ಪೂರ್ತಿಯಾಗಿ ಎಸೆಯಬೇಕು. ಬ್ರೆಡ್ಡಿನ ಮೈ ತುಂಬ ಸಣ್ಣ ಸಣ್ಣ ತೂತುಗಳಿರುವುದರಿಂದ ಬೂಷ್ಟಿನ ಬೇರಿನಂಥ ಎಳೆಗಳು ಕಣ್ಣಿಗೆ ಕಾಣುವ ಚುಕ್ಕೆಗಿಂತ ಬಹಳ ದೂರ ಹರಡಿರುತ್ತವೆ. ಆ ಭಾಗವನ್ನಷ್ಟೇ ಕತ್ತರಿಸಿ ಉಳಿದುದನ್ನು ಬಳಸುವ ಮಿತವ್ಯಯ ಇಲ್ಲಿ ಸಲ್ಲದು, ಕಾವಲಿಯ ಬಿಸಿ ಅದರ ವಿಷವನ್ನು ತೆಗೆಯುತ್ತದೆಂದೂ ನಂಬುವಂತಿಲ್ಲ. ನಮಗೆ ಬೇಕಾದದ್ದು ವಾಸನೆ ಚೆನ್ನಾಗಿದ್ದು, ಮೈ ಮಾತ್ರ ಗಟ್ಟಿಯಾದ ಬ್ರೆಡ್ಡು.

ಆ ಗಟ್ಟಿತನಕ್ಕೆ ಬರೀ ನೀರು ಆರಿಹೋಗುವುದು ಕಾರಣವಲ್ಲ. ಒಲೆಯಲ್ಲಿ ಬೆಂದಾಗ ನೀರು ಕುಡಿದು ಉಬ್ಬಿದ್ದ ಪಿಷ್ಟವು ತಣಿದ ಮೇಲೆ ನಿಧಾನವಾಗಿ ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತದೆ. ಹಾಗಾಗಿ ಗಾಳಿಯಾಡದಂತೆ ಕಟ್ಟಿಟ್ಟ ಬ್ರೆಡ್ಡು ಕೂಡ ಬಿರುಸಾಗುತ್ತದೆ. ರಾತ್ರಿಯ ಅನ್ನ ಬೆಳಿಗ್ಗೆ ಬಿಡಿಬಿಡಿಯಾಗಿ ಚಿತ್ರಾನ್ನಕ್ಕೆ ಹದವಾಗಿ ಸಿಗುವುದೂ ಇದೇ ಕಾರಣದಿಂದ. ಫ್ರಿಜ್ಜಿನ ತಂಪಿನಲ್ಲಿ ಈ ಕೆಲಸ ಇನ್ನೂ ಬೇಗ ನಡೆಯುತ್ತದೆಯಾದ್ದರಿಂದ ಫ್ರಿಜ್ಜಿನಲ್ಲಿಟ್ಟ ಬ್ರೆಡ್ಡಿಗೆ ಬೂಷ್ಟು ತಡವಾಗಿ ಬಂದರೂ ಮೈ ಮಾತ್ರ ಹೊರಗಿಟ್ಟದ್ದಕ್ಕಿಂತ ಮೊದಲೇ ಗಟ್ಟಿಯಾಗುತ್ತದೆ. ತಿನ್ನುವವರಿಗೆ ಇದು ದೋಷ, ಈ ಕಡ್ಡಿ ಮಾಡುವವರಿಗೆ ಇದೇ ಗುಣ. ತಾಜಾ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿದರೆ ಅದು ಕೈಗೆ ಬರುವ ಮೊದಲೇ ಮುದ್ದೆಯಾಗುತ್ತದೆ. ಗಟ್ಟಿಯಾದದ್ದು ಹಾಲನ್ನು ಕುಡಿದೂ ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆ. ರೋಮನ್ನರ ಕಾಲದಲ್ಲೇ ಬ್ರೆಡ್ಡಿನ ತುಂಡುಗಳನ್ನು ಹಾಲಿನಲ್ಲಿ ನೆನೆಸಿ, ಕರಿದು, ಮೇಲೆ ಜೇನು ಸುರಿಯುವ ಕ್ರಮವಿತ್ತು. ಫ್ರಾನ್ಸಿನಲ್ಲಿ ಇದಕ್ಕಿರುವ ‘ಪೆಂ ಪೆರ್ದ್ಯು’ ಎಂಬ ಹೆಸರಿಗೆ ‘ಕೈತಪ್ಪಿಹೋದ ಬ್ರೆಡ್ಡು’ ಎಂದೇ ಅರ್ಥ. ನಮ್ಮ ಪಕ್ಕದ ಹೈದರಾಬಾದಿನವರು ಡಬಲ್ ರೊಟ್ಟಿ ಎಂದು ಕರೆಯುವ ಬ್ರೆಡ್ಡನ್ನು ಕರಿದು ಪಾಕ ಮತ್ತು ಹಾಲಿನಲ್ಲಿ ಬೇಯಿಸಿ ಡಬಲ್ ಕಾ ಮೀಠಾ ಮಾಡುತ್ತಾರೆ.

ಕಡ್ಡಿಗೆ ದಪ್ಪ ಹೋಳು ಬೇಕು. ಅಂಗಡಿಯ ಪೊಟ್ಟಣದಲ್ಲಿ ಬರುವ ಯಂತ್ರದ ಹೋಳು ಸುಮಾರು 1 ಸೆಂಟಿಮೀಟರ್ ದಪ್ಪವಿರುತ್ತದೆ. ಅದರಲ್ಲಿ ಮಾಡಿದ ಕಡ್ಡಿ ನೆನೆದ ಮೇಲೆ ನಡುವೆ ಬಾಗಿ ಮುರಿಯುವ ಸಂಭವ ಹೆಚ್ಚು. ಅಯ್ಯಂಗಾರ್ ಬೇಕರಿಯಲ್ಲಿ ಕತ್ತರಿಸದ ಇಡೀ ಬ್ರೆಡ್ಡನ್ನು ಕೇಳಿ ತಂದು, ಹಲ್ಲಿರುವ ಚಾಕುವಿನಿಂದ 2 ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿಕೊಂಡರೆ ಬಹಳ ಅನುಕೂಲ. ಒಂದೊಂದು ಹೋಳನ್ನೂ ಉದ್ದಕ್ಕೆ ಮೂರು ಅಥವಾ ನಾಲ್ಕು ಪಟ್ಟಿಗಳಾಗಿ ಮಾಡಬೇಕು. ಅಂದಾಜಿಗೆ ನಿಮ್ಮ ಹೆಬ್ಬೆರಳಿನಷ್ಟು ಅಗಲವಿದ್ದರೆ ಸಾಕು. ಅಂಚಿನ ಕಂದು ಸಿಪ್ಪೆಯನ್ನು ತೆಗೆಯಬೇಡಿ. ನೋಡಲು ಚೆಂದವಿರಲಿ ಎಂದು ಅನೇಕರು ಅದನ್ನು ಕತ್ತರಿಸಿ ಎಸೆಯುತ್ತಾರೆ, ಆದರೆ ನೆನೆದ ಕಡ್ಡಿಯನ್ನು ಎತ್ತುವಾಗ ಅದು ಮುರಿಯದಂತೆ ಹಿಡಿದಿಡುವುದು ಆ ಸಿಪ್ಪೆಯೇ. ತೆಳ್ಳನೆಯ ಹೋಳುಗಳಷ್ಟೇ ಇದ್ದರೆ ಎರಡರ ನಡುವೆ ಕಿವುಚಿದ ಏಲಕ್ಕಿ ಬಾಳೆಹಣ್ಣನ್ನು ತೆಳುವಾಗಿ ಸವರಿ, ಒತ್ತಿ ಜೋಡಿಸಿ, ಆಮೇಲೆ ಪಟ್ಟಿಯಾಗಿ ಕತ್ತರಿಸಬಹುದು. ಬ್ರೆಡ್ಡು ಒಂದೇ ದಿನದ್ದಾಗಿ ಇನ್ನೂ ಮೆತ್ತಗಿದ್ದರೆ, ಕತ್ತರಿಸಿದ ಕಡ್ಡಿಗಳನ್ನು ರಾತ್ರಿ ಜಾಲರಿಯ ಮೇಲೆ ಹರಡಿ ತೆಳುಬಟ್ಟೆ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಹದಕ್ಕೆ ಬರುತ್ತವೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯ ಮನೆಗಳಲ್ಲಿ, ಹೀಗೆ ಹರಡಿಟ್ಟದ್ದು ಒಣಗುವ ಬದಲು ಇನ್ನಷ್ಟು ಥಂಡಿ ಹಿಡಿಯುವುದುಂಟು. ಆಗ ಎಣ್ಣೆ ಹಾಕದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಹೊರಳಿಸಿ ಆರಿಸಿಕೊಳ್ಳುವುದೇ ಸರಿಯಾದ ದಾರಿ.

ದಪ್ಪನೆಯ ಆರು ಹೋಳುಗಳಿಂದ ಹದಿನೆಂಟರಿಂದ ಇಪ್ಪತ್ತನಾಲ್ಕು ಕಡ್ಡಿಗಳಾಗುತ್ತವೆ, ನಾಲ್ಕು ಜನರ ತಿಂಡಿಗೆ ಸಾಕು. ಇದಕ್ಕೆ ಮೂರು ಮೊಟ್ಟೆ, 180 ಮಿಲಿಲೀಟರ್ ಕಾಯಿಸಿ ಆರಿಸಿದ ಹಾಲು, ಎರಡು ಟೀ ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು, ಅರ್ಧ ಟೀ ಚಮಚ ಏಲಕ್ಕಿ ಪುಡಿ ಬೇಕು. ಒಂದು ಮೊಟ್ಟೆಗೆ 60 ಮಿಲಿಲೀಟರ್ ಹಾಲು ಎಂಬ ಲೆಕ್ಕವನ್ನು ನೆನಪಿಟ್ಟುಕೊಂಡರೆ ಎಷ್ಟು ಬ್ರೆಡ್ಡಿಗಾದರೂ ಹೊಂದಿಸಿಕೊಳ್ಳಬಹುದು. ಹಾಲು ಇದಕ್ಕಿಂತ ಬಹಳ ಹೆಚ್ಚಾದರೆ ಒಳಗಿನ ದ್ರವ ಗಟ್ಟಿಯಾಗಿ ಕೂರುವುದಿಲ್ಲ, ಕಡ್ಡಿಯನ್ನು ಕಚ್ಚಿದಾಗ ನೀರೊಡೆಯುತ್ತದೆ. ಮೊಟ್ಟೆಗೆ ಮೊದಲು ಉಪ್ಪು ಹಾಕಿ ಚೆನ್ನಾಗಿ ಕಲಕಬೇಕು; ಉಪ್ಪು ಬಿದ್ದ ಮೊಟ್ಟೆ ಸಡಿಲಗೊಂಡು ಹಾಲಿನೊಂದಿಗೆ ಸುಲಭವಾಗಿ ಬೆರೆಯುತ್ತದೆ. ಅನಂತರ ಹಾಲು ಬೆರೆಸಿ, ಟೀ ಸೋಸುವ ಜಾಲರಿಯಲ್ಲಿ ಒಮ್ಮೆ ಸೋಸಿ. ಇದು ಅತಿಯಾದ ನಾಜೂಕು ಎನ್ನಿಸಬಹುದು, ಆದರೆ ಬೆರೆಯದೆ ಉಳಿದ ಬಿಳಿಯ ಎಳೆಗಳು ಕಡ್ಡಿಯ ಮೇಲೆ ಕುಳಿತು ಆಮ್ಲೆಟಿನ ಚೂರಿನಂತೆ ಬೇಯುತ್ತವೆ. ಮೊಟ್ಟೆಯ ಹಸಿ ವಾಸನೆ ಎಂದು ಮಕ್ಕಳು ದೂರುವುದು ಸಾಮಾನ್ಯವಾಗಿ ಆ ಚೂರುಗಳ ದೆಸೆಯಿಂದ. ಸಕ್ಕರೆ ಮತ್ತು ಏಲಕ್ಕಿಯನ್ನು ಕೊನೆಯಲ್ಲಿ ಸೇರಿಸಿ.

ಎರಡೇ ಚಮಚ ಸಕ್ಕರೆ ಸಾಕೇ ಎಂದು ಕೇಳಬಹುದು. ನಾನು ಮೊದಲ ಬಾರಿ ಮಾಡಿದಾಗ ಸಿಹಿ ತಿಂಡಿಯೆಂಬ ಉತ್ಸಾಹದಲ್ಲಿ ಅರ್ಧ ಬಟ್ಟಲು ಸಕ್ಕರೆಯನ್ನು ಹಾಲಿಗೇ ಸುರಿದಿದ್ದೆ. ಒಳಗೆ ಬೇಯುವ ಮೊದಲೇ ಹೊರಗಿನ ಸಕ್ಕರೆ ಸೀದು, ಕಬ್ಬಿಣದ ಕಾವಲಿಗೆ ಕಪ್ಪು ಅರಗಿನಂತೆ ಅಂಟಿಕೊಂಡು, ಮರುದಿನ ದೋಸೆ ಏಳದಂತಾಯಿತು. ಸಿಹಿ ಹೊರಗಿನಿಂದ, ಬೆಂದ ಮೇಲೆ ಬರಬೇಕು.

ಅದ್ದುವುದೇ ಈ ತಿಂಡಿಯ ಮುಖ್ಯ ಘಟ್ಟ. ಅಗಲವಾದ, ಆಳವಿಲ್ಲದ ತಟ್ಟೆಗೆ ಮಿಶ್ರಣವನ್ನು ಸುರಿದುಕೊಂಡು, ಒಂದು ಸಲಕ್ಕೆ ನಾಲ್ಕೈದು ಕಡ್ಡಿಗಳನ್ನಷ್ಟೇ ಮಲಗಿಸಿ. ಎರಡು ದಿನದ ಬ್ರೆಡ್ಡಿಗೆ ಒಂದೊಂದು ಮಗ್ಗುಲಿಗೆ ಹತ್ತು ಸೆಕೆಂಡು, ನಾಲ್ಕು ದಿನದ್ದಾಗಿ ರಸ್ಕಿನಂತೆ ಸದ್ದು ಮಾಡುವುದಾದರೆ ಇಪ್ಪತ್ತರಿಂದ ಮೂವತ್ತು ಸೆಕೆಂಡು ಎಂಬುದು ಸ್ಥೂಲ ಅಂದಾಜು. ಆದರೆ ಗಡಿಯಾರಕ್ಕಿಂತ ಬೆರಳನ್ನೇ ನಂಬುವುದು ಒಳ್ಳೆಯದು. ಒಂದು ಕಡ್ಡಿಯನ್ನು ಎತ್ತಿ ನಡುವೆ ಮೆಲ್ಲನೆ ಒತ್ತಿ ನೋಡಿ: ಹೊರಮೈ ಸ್ಪಂಜಿನಂತೆ ತಗ್ಗಿ, ಒಳಗೊಂದು ಸಣ್ಣ ಗಟ್ಟಿ ನರ ಬೆರಳಿಗೆ ತಗಲುತ್ತಿದ್ದರೆ ಆ ಗಳಿಗೆಯಲ್ಲೇ ತೆಗೆಯಬೇಕು. ತೆಗೆದ ಕಡ್ಡಿಗಳನ್ನು ಜಾಲರಿಯ ಮೇಲೆ ಎರಡು ನಿಮಿಷ ಇಟ್ಟರೆ ಹೊರಗಿನ ಹಾಲು ತಾನಾಗಿಯೇ ಒಳಕ್ಕಿಳಿದು ಆ ನರವನ್ನು ಮೆತ್ತಗೆ ಮಾಡುತ್ತದೆ, ಮೇಲ್ಮೈ ತುಸು ಆರುತ್ತದೆ. ಒಳಗಿನ ನರವೂ ಕರಗುವ ತನಕ ತಟ್ಟೆಯಲ್ಲೇ ಬಿಟ್ಟರೆ ಕಡ್ಡಿ ಎತ್ತುವಾಗಲೇ ಎರಡಾಗುತ್ತದೆ.

ಕಾವಲಿಯನ್ನು ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ ಉರಿಯಲ್ಲಿ ಕಾಯಿಸಿ ಒಂದು ಚಮಚ ತುಪ್ಪ ಹಾಕಿ. ಬೆಣ್ಣೆಗಿಂತ ತುಪ್ಪವೇ ಇಲ್ಲಿ ಮೇಲು, ಏಕೆಂದರೆ ಬೆಣ್ಣೆಯಲ್ಲಿ ಉಳಿದಿರುವ ಹಾಲಿನ ಅಂಶ ಬೇಗ ಸೀದು ಕಪ್ಪು ಚುಕ್ಕೆಗಳಾಗುತ್ತದೆ. ಒಂದು ಹನಿ ಮಿಶ್ರಣವನ್ನು ಬಿಟ್ಟಾಗ ಸುಯ್ ಎಂದು ಮೆಲ್ಲಗೆ ಸದ್ದಾಗಬೇಕು. ಚಟಪಟ ಸಿಡಿದರೆ ಉರಿ ಹೆಚ್ಚಾಗಿದೆ ಎಂದರ್ಥ. ಕಡ್ಡಿಗಳನ್ನು ಒಂದಕ್ಕೊಂದು ತಾಗದಂತೆ ಮಲಗಿಸಿ, ಮೊದಲ ಮಗ್ಗುಲನ್ನು ಎರಡು ನಿಮಿಷ ಮುಟ್ಟದೆ ಬಿಡಿ. ಅವಸರದಲ್ಲಿ ಮಗುಚಲು ಹೋದರೆ ಮೊಟ್ಟೆ ಕಾವಲಿಗೆ ಅಂಟಿರುತ್ತದೆ, ಬೆಂದ ಮೇಲೆ ತಾನೇ ಬಿಟ್ಟುಕೊಳ್ಳುತ್ತದೆ. ಎದುರು ಮಗ್ಗುಲಿಗೆ ಒಂದೂವರೆ ನಿಮಿಷ, ಉಳಿದ ಎರಡು ಸಣ್ಣ ಮಗ್ಗುಲುಗಳಿಗೆ ಅರ್ಧರ್ಧ ನಿಮಿಷ ಸಾಕಾಗುತ್ತದೆ. ಸಣ್ಣ ಮಗ್ಗುಲುಗಳನ್ನು ಬೇಯಿಸದೆ ಬಿಡುವವರು ಬಹಳ. ಹಾಗೆ ಬಿಟ್ಟ ಕಡ್ಡಿ ತಟ್ಟೆಗೆ ಬಂದ ಮೇಲೆ ಬದಿಯಿಂದ ಕುಸಿಯುತ್ತದೆ. ಇಕ್ಕುಳದ ಬದಲು ಎರಡು ಚಮಚಗಳಿಂದ ಹೊರಳಿಸಿದರೆ ಕಡ್ಡಿಗೆ ಗಾಯವಾಗುವುದಿಲ್ಲ. ಮಕ್ಕಳಿಗೆ ಕೊಡುವಾಗ ಒಂದು ಕಡ್ಡಿಯನ್ನು ಮುರಿದು ನೋಡಿ, ನಡುವೆ ಹಸಿ ದ್ರವ ಒಸರುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಓವನ್ನಿನಲ್ಲಿ ಮಾಡುವವರು ತುಪ್ಪ ಸವರಿದ ತಟ್ಟೆಯಲ್ಲಿ 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹತ್ತು ನಿಮಿಷ, ಮಗುಚಿ ಇನ್ನೈದಾರು ನಿಮಿಷ ಇಡಬಹುದು. ಒಟ್ಟಿಗೆ ಬಹಳ ಜನರಿಗೆ ಮಾಡುವಾಗ ಅದು ಸುಲಭ, ರುಚಿಯಲ್ಲಿ ಮಾತ್ರ ಕಾವಲಿಯದ್ದೇ ಒಂದು ಕೈ ಮೇಲು.

ಹೊರಳಿಸಲು ನಾಲ್ಕು ದೊಡ್ಡ ಚಮಚ ಸಕ್ಕರೆಯಲ್ಲಿ ಅರ್ಧವನ್ನು ನಾಲ್ಕು ಏಲಕ್ಕಿಯೊಂದಿಗೆ ನುಣ್ಣಗೆ ಪುಡಿ ಮಾಡಿ, ಉಳಿದರ್ಧವನ್ನು ಹಾಗೆಯೇ ಬೆರೆಸಿಕೊಳ್ಳಿ. ಪುಡಿ ಕಡ್ಡಿಗೆ ಅಂಟುತ್ತದೆ, ಹರಳು ಹಲ್ಲಿಗೆ ಸಿಗುತ್ತದೆ. ಕಾವಲಿಯಿಂದ ತೆಗೆದ ಕೂಡಲೇ ಹೊರಳಿಸಿದರೆ ಸಕ್ಕರೆ ಕರಗಿ ನೀರಾಗುತ್ತದೆ, ಪೂರ್ತಿ ಆರಿದ ಮೇಲೆ ಅಂಟುವುದೇ ಇಲ್ಲ. ಅರ್ಧ ನಿಮಿಷ ಬಿಟ್ಟು, ಕೈಗೆ ತಡೆಯುವಷ್ಟು ಬಿಸಿಯಿರುವಾಗ ಹೊರಳಿಸಬೇಕು. ಅದ್ದಿ ತಿನ್ನಲು ಜೋನಿಬೆಲ್ಲಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮಲೆನಾಡಿನಲ್ಲಿ ದೋಸೆಗೆ ಹಾಕಿಕೊಳ್ಳುವ ಆ ಬೆಲ್ಲವನ್ನು ತುಸು ಬೆಚ್ಚಗೆ ಮಾಡಿ, ಅರ್ಧ ಚಮಚ ತುಪ್ಪ ಬೆರೆಸಿ ಪುಟ್ಟ ಬಟ್ಟಲಿನಲ್ಲಿ ಇಟ್ಟರೆ ಕಡ್ಡಿಯ ತುದಿ ಅದರಲ್ಲಿ ಮುಳುಗಿ ಎದ್ದಾಗ ಕಾಫಿ ಬಣ್ಣದ ಎಳೆಯೊಂದು ಬಟ್ಟಲಿನವರೆಗೂ ಇಳಿಯುತ್ತದೆ. ಇದರಲ್ಲಿ ಅದ್ದಿ ತಿನ್ನುವುದಾದರೆ ಸಕ್ಕರೆ ಬೇಡವೇ ಬೇಡ. ಜೋನಿಬೆಲ್ಲ ಸಿಗದ ಊರಿನಲ್ಲಿ ಅರ್ಧ ಬಟ್ಟಲು ಪುಡಿ ಬೆಲ್ಲಕ್ಕೆ ಕಾಲು ಬಟ್ಟಲು ನೀರು ಹಾಕಿ ಕರಗಿಸಿ, ಸೋಸಿ, ಮೂರ್ನಾಲ್ಕು ನಿಮಿಷ ಕುದಿಸಿ, ಬೆರಳುಗಳ ನಡುವೆ ಅಂಟುವ ಹದದಲ್ಲಿ ಇಳಿಸಿ. ಎಳೆ ಪಾಕ ಬರುವ ತನಕ ಕಾದರೆ ಆರಿದ ಮೇಲೆ ಕಲ್ಲಾಗುತ್ತದೆ. ಜೇನೂ ಆಗುತ್ತದೆ, ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಬಾರದು.

ಮೊಟ್ಟೆಯನ್ನು ಮನೆಯೊಳಗೆ ತರದವರೂ, ದೋಸೆಯ ಕಾವಲಿಗೆ ಮೊಟ್ಟೆ ತಾಗಿಸದವರೂ ನಮ್ಮಲ್ಲಿ ಬಹಳ ಮಂದಿ. ಅವರು 200 ಮಿಲಿಲೀಟರ್ ತಣ್ಣನೆಯ ಹಾಲಿಗೆ ಎರಡು ದೊಡ್ಡ ಚಮಚ ಕಸ್ಟರ್ಡ್ ಪುಡಿ, ಒಂದು ಟೀ ಚಮಚ ಅಕ್ಕಿ ಹಿಟ್ಟು, ಎರಡು ಟೀ ಚಮಚ ಸಕ್ಕರೆ ಕದಡಿಕೊಂಡು ಇದೇ ಕ್ರಮದಲ್ಲಿ ಮಾಡಬಹುದು. ಕಸ್ಟರ್ಡ್ ಪುಡಿಯಲ್ಲಿರುವ ಮೆಕ್ಕೆಜೋಳದ ಪಿಷ್ಟ ಬಿಸಿ ತಾಗಿದಾಗ ಗಟ್ಟಿಯಾಗಿ ಮೊಟ್ಟೆಯ ಕೆಲಸವನ್ನು ಮುಕ್ಕಾಲು ಪಾಲು ಮಾಡುತ್ತದೆ. ಬಿಸಿ ಹಾಲಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಪಿಷ್ಟ ತಳಕ್ಕೆ ಇಳಿಯುವುದರಿಂದ ಪ್ರತಿ ಸಲ ಅದ್ದುವ ಮೊದಲು ಕಲಕಲೇಬೇಕು, ಇಲ್ಲವಾದರೆ ಮೊದಲ ಕಡ್ಡಿಗಳಿಗೆ ಬರೀ ಹಾಲು, ಕೊನೆಯವಕ್ಕೆ ಗಂಜಿ ಸಿಗುತ್ತದೆ. ನೆನೆಸುವ ಹೊತ್ತನ್ನು ಅರ್ಧಕ್ಕೆ ಇಳಿಸಿ, ಉರಿಯನ್ನು ಇನ್ನೂ ಸ್ವಲ್ಪ ತಗ್ಗಿಸಿ.

ಉಳಿದ ಕಡ್ಡಿಗಳನ್ನು ಸಕ್ಕರೆಯಲ್ಲಿ ಹೊರಳಿಸದೆ, ಪೂರ್ತಿ ಆರಿಸಿ, ಒಂದೇ ಪದರದಲ್ಲಿ ಫ್ರೀಜರಿನಲ್ಲಿ ಗಟ್ಟಿ ಮಾಡಿ ಆಮೇಲೆ ಡಬ್ಬಿಗೆ ತುಂಬಿಟ್ಟರೆ ಒಂದು ತಿಂಗಳವರೆಗೆ ಚೆನ್ನಾಗಿರುತ್ತವೆ. ಬೇಕಾದಾಗ ಕರಗಿಸದೆ ನೇರವಾಗಿ ಸಣ್ಣ ಉರಿಯ ಕಾವಲಿಗೆ ಹಾಕಿ ಬಿಸಿ ಮಾಡಿದರಾಯಿತು. ತಟ್ಟೆಯಲ್ಲಿ ಉಳಿದ ಎರಡು ಚಮಚ ಮಿಶ್ರಣಕ್ಕೆ ಕತ್ತರಿಸುವಾಗ ಬಿದ್ದ ಪುಡಿ, ಮುರಿದ ತುದಿ, ಬ್ರೆಡ್ಡಿನ ತಲೆಭಾಗದ ಚೂರುಗಳನ್ನೆಲ್ಲ ಸೇರಿಸಿ, ಕಾವಲಿಯಲ್ಲಿ ಉಳಿದಿರುವ ತುಪ್ಪದ ಮೇಲೆ ಪುಟ್ಟ ದೋಸೆಯಂತೆ ತಟ್ಟಿ ಎರಡೂ ಕಡೆ ಬೇಯಿಸಬಹುದು. ನಮ್ಮ ಮನೆಯಲ್ಲಿ ಅದು ಒಲೆಯ ಮುಂದೆ ನಿಂತವರ ಪಾಲು, ಮೇಜಿನವರೆಗೆ ಹೋಗುವುದಿಲ್ಲ.